ಇಸ್ಫಹಾನಿನ ಸಕ್ಕರೆ ಬಟ್ಟಲು ಬಸ್ಸು ಹತ್ತಿದ್ದು

ನಾನು ಒಂದು ಸಕ್ಕರೆ ಬಟ್ಟಲು. ಅಪ್ಪಟ ತಾಮ್ರ. ಹುಟ್ಟಿದ್ದು ಇರಾನಿನ ಇಸ್ಫಹಾನಲ್ಲಿ, ದೊಡ್ಡ ಮೈದಾನದ ಪಕ್ಕದ ತಾಮ್ರಗಾರರ ಬೀದೀಲಿ. ಎಲ್ಲರೂ ಅಳ್ತಾ ಹುಟ್ಟಿದ್ರೆ ನಾನು ಬಡಿಸ್ಕೊಳ್ತಾ ಹುಟ್ಟಿದೆ. ಆ ಬೀದೀಲಿ ಬೆಳಗಿಂದ ಸಂಜೆವರೆಗೂ ಒಂದೇ ಸಂಗೀತ: ಟಣ್ ಟಣ್ ಟಣ್. ಅಲ್ಲಿ ಪೆಟ್ಟು ತಿನ್ನದೆ ಯಾರಿಗೂ ಹೊಟ್ಟೆ ಬರಲ್ಲ. ನನಗೂ ಹಾಗೇ ಬಂತು, ಗುಂಡಗೆ.

ನನ್ನನ್ನ ಮಾಡಿದವರು ಉಸ್ತಾದ್ ಯದುಲ್ಲಾ. ಬೀದಿಗೆಲ್ಲ ಹೆಸರಾದ ಕೈ, ಆದ್ರೆ ನನ್ನ ಸರದಿ ಬರೋ ಹೊತ್ತಿಗೆ ಆ ಕೈ ನಡುಗೋಕೆ ಶುರುವಾಗಿತ್ತು. ನನ್ನ ಮೈಮೇಲೊಂದು ಬಳ್ಳಿ ಕೆತ್ತಿದ್ರು. ಬಲಗಡೆ ಚೆನ್ನಾಗಿ ಹಬ್ಬಿದ ಬಳ್ಳಿ ಎಡಗಡೆ ಬಂದಾಗ ಸ್ವಲ್ಪ ತೂಕಡಿಸುತ್ತೆ. ಅಂಗಡೀಲಿ ಇಡದೆ ಮನೆಗೆ ತಂದು, ಹೆಂಡತಿ ಮಾಹ್‌ರುಖ್ ಖಾನುಂ ಮುಂದೆ ಇಟ್ರು. ಖಾನುಂ ಅಂದ್ರೆ ನಿಮ್ಮ ಕಡೆ ಅಮ್ಮಾವ್ರು ಇದ್ದಂಗೆ.

"ಸೊಟ್ಟಗಿದೆ," ಅಂದ್ರು ಖಾನುಂ.

"ನಾನೂ ಸೊಟ್ಟಗೇ ಇದ್ದೆ. ಒಪ್ಕೊಳ್ಳಲಿಲ್ವಾ?" ಅಂದ್ರು ಉಸ್ತಾದ್.

ಅದೇ ಅವರ ಕೊನೇ ಕೆಲಸ. ಆ ಚಳಿಗಾಲ ಅವರು ದಾಟಲಿಲ್ಲ.

ಆಮೇಲಿಂದ ದಿನಾ ಸಂಜೆ ಖಾನುಂ ನನ್ನ ಮುಚ್ಚಳ ತೆಗೆದು, ಒಂದು ಸಕ್ಕರೆ ಅಚ್ಚನ್ನ ಹಲ್ಲಲ್ಲಿ ಕಚ್ಚಿ ಹಿಡಿದು, ಅದರ ಮೇಲೆ ಬಿಸಿ ಬಿಸಿ ಚಹಾ ಹರಿಸ್ತಿದ್ರು. ಜೊತೆಗೆ ಬೈಗುಳ. "ಗ್ಯಾಸಿನವನು ಬರಲೇ ಇಲ್ಲ, ನೀನಿದ್ದಿದ್ರೆ ಜಗಳ ಆಡ್ತಿದ್ದೆ." ಬೈತಾ ಇದ್ದಿದ್ದು ಗಂಡನ್ನ, ಬೈಸ್ಕೊಳ್ತಾ ಇದ್ದಿದ್ದು ನಾನು. ಬೇಜಾರಿಲ್ಲ. ಬಡಿಸ್ಕೊಂಡವನಿಗೆ ಬೈಸ್ಕೊಳ್ಳೋದು ಯಾವ ಲೆಕ್ಕ?

ಅವರ ಮಗ ಸಿಯಾಮಕ್ ಟೂರಿಸ್ಟ್ ಗೈಡು. ಪರದೇಶದವರನ್ನ ಬಸ್ಸಲ್ಲಿ ತುಂಬ್ಕೊಂಡು ಕಾಶಾನ್, ಇಸ್ಫಹಾನ್, ಯಜ್ದ್, ಶಿರಾಜ್ ಅಂತ ಸುತ್ತಿಸ್ತಿದ್ದ. ಇಸ್ಫಹಾನಲ್ಲಿ ಎಲ್ಲರನ್ನೂ ಮನೆಗೇ ಕರ್ಕೊಂಡು ಬಂದು ಅಮ್ಮನ ಕೈಯಿಂದ ಚಹಾ ಕುಡಿಸ್ತಿದ್ದ. ಹಾಗೆ ಒಂದು ವಸಂತದಲ್ಲಿ ಬಂತು ನಿಮ್ಮ ತಿಪಟೂರಿನ ಗುಂಪು. ಬಾಗಿಲಿಗೆ ಮೊದಲು ಅವರ ಚಟ್ನಿಪುಡಿ ವಾಸನೆ ಬಂತು, ಆಮೇಲೆ ಅವರು.

ಗುಂಪಿಗೆ ಯಜಮಾನಿ ಅಂತ ಯಾರೂ ನೇಮಿಸಿರಲಿಲ್ಲ, ಆದ್ರೂ ಸರ್ವಮಂಗಳಮ್ಮನೇ ಯಜಮಾನಿ. ಹೈಸ್ಕೂಲಿನ ನಿವೃತ್ತ ಹೆಡ್‌ಮಿಸ್ಸು. ಅವರ ಯಜಮಾನ್ರು ರುದ್ರಯ್ಯನವರಿಗೆ ಅವತ್ತು ಬೆಳಗ್ಗೆಯಿಂದ ಒಂದೇ ಕೊರಗು. ಸಿಯಾಮಕ್ ಜೊತೆ ಇವರ ಮಾತೆಲ್ಲ ಇಂಗ್ಲಿಷಲ್ಲೇ. "ಏನ್ರೀ ಸಿಯಾಮಕ್, ನಲವತ್ತು ಕಂಬದ ಅರಮನೆ ಅಂದ್ರಿ. ಎಣಿಸಿದ್ರೆ ಇಪ್ಪತ್ತೇ ಇದೆ?"

"ಮಿಕ್ಕಿದ್ದು ಕೊಳದ ನೀರಲ್ಲಿ ಕಾಣ್ತವೆ ಸರ್, ನೆರಳು."

"ನೆರಳನ್ನೂ ಲೆಕ್ಕಕ್ಕೆ ಹಿಡಿಯೋದಾದ್ರೆ ನಮ್ಮ ಮನೇಲೂ ಇಬ್ಬರು ಹೆಂಡ್ರು!"

"ಒಬ್ಬಳನ್ನ ಮೊದಲು ಸರಿಯಾಗಿ ನೋಡ್ಕೊಳ್ಳಿ," ಅಂತ ಸರ್ವಮಂಗಳಮ್ಮ ಅಂದು, ಸಕ್ಕರೆಗೆ ಕೈ ಹಾಕಿ, ನನ್ನನ್ನ ನೋಡಿದ್ರು. ಎತ್ತಿ ತಿರುಗಿಸಿದ್ರು. ಬಳ್ಳಿ ಮೇಲೆ ಬೆರಳಾಡಿಸಿದ್ರು. "ಅಯ್ಯೋ, ಎಷ್ಟು ಚೆನ್ನಾಗಿದೆ ಇದು!"

ಇಲ್ಲೇ ಎಡವಟ್ಟಾಗಿದ್ದು. ನಮ್ಮ ಕಡೆ ತಾರೋಫ್ ಅಂತ ಒಂದು ಪದ್ಧತಿ. ನೀವು ತಾರೀಫ್ ಮಾಡಿದ್ರೆ ಸಾಕು, ನಮ್ಮ ತಾರೋಫ್ ಶುರು. ಯಾವ ವಸ್ತುನ ಹೊಗಳ್ತೀರೋ, ಮನೆಯೋರು ಎದೆ ಮೇಲೆ ಕೈ ಇಟ್ಟು "ಪೀಶ್‌ಕಶ್" ಅಂತಾರೆ. ಅಂದ್ರೆ ಇದು ನಿಮ್ಮದೇ, ತಗೊಂಡು ಹೋಗಿ ಅಂತ. ನೀವು ಬೇಡ ಅನ್ನಬೇಕು. ಅವರು ಮತ್ತೆ ತಗೊಳ್ಳಿ ಅನ್ನಬೇಕು. ನೀವು ಸುತಾರಾಂ ಬೇಡ ಅನ್ನಬೇಕು. ಇಬ್ಬರಿಗೂ ಸುಸ್ತಾದ ಮೇಲೆ ನೋಡಿದ್ರೆ ವಸ್ತು ಇದ್ದಲ್ಲೇ ಇರುತ್ತೆ, ಮರ್ಯಾದೆ ಮಾತ್ರ ಓಡಾಡಿರುತ್ತೆ.

ಖಾನುಂ ಎದೆ ಮೇಲೆ ಕೈ ಇಟ್ರು. "ಪೀಶ್‌ಕಶ್." ಸಿಯಾಮಕ್ ಅಭ್ಯಾಸಬಲದಿಂದ ಅನುವಾದ ಮಾಡಿದ: "ನಿಮ್ಮದೇ ಅಂತೆ, ತಗೊಳ್ಳಿ ಅಂತಾರೆ."

"ಛೇ ಛೇ, ಬೇಡ," ಅಂದ್ರು ಸರ್ವಮಂಗಳಮ್ಮ. ನಾನು ನಿರಾಳವಾದೆ.

"ಇಲ್ಲ, ತಗೊಳ್ಳಲೇಬೇಕು," ಅಂದ್ರು ಖಾನುಂ, ಪದ್ಧತಿ ಪ್ರಕಾರ.

ಆದ್ರೆ ಸರ್ವಮಂಗಳಮ್ಮನ ಊರಲ್ಲಿ ಬೇರೆ ಪದ್ಧತಿ. ಹೊರಡೋ ಹೊತ್ತಲ್ಲಿ ವಯಸ್ಸಾದ ಹೆಂಗಸು ಎರಡು ಸಲ ಕರೆದು ಕೊಟ್ಟಿದ್ದನ್ನ ಬೇಡ ಅಂದ್ರೆ ಅವಮಾನ ಮಾಡಿದಂಗೆ. ಅವರು ಸೆರಗನ್ನ ಹೊದ್ದು, ಎರಡೂ ಕೈಲಿ ನನ್ನನ್ನ ಕಣ್ಣಿಗೊತ್ಕೊಂಡು, ಬಗ್ಗಿ ಖಾನುಂ ಕಾಲು ಮುಟ್ಟಿ ನಮಸ್ಕಾರ ಮಾಡಿದ್ರು. ಕಣ್ಣಲ್ಲಿ ನೀರು ಬೇರೆ. "ನಮ್ಮಮ್ಮ ಹೋದ್ಮೇಲೆ ಯಾರೂ ನಂಗೆ ಹಿಂಗೆ ಕೊಟ್ಟಿರಲಿಲ್ಲ," ಅಂದ್ರು.

ಸಿಯಾಮಕ್ ಬಾಯಿ ತೆಗೆದ. ಖಾನುಂ ಹುಬ್ಬು ಏರಿಸಿದ್ರು. ಬಾಯಿ ಮುಚ್ಕೊಂಡ.

ಹೀಗೆ ನಾನು ಬಸ್ಸು ಹತ್ತಿದೆ. ಸ್ವೆಟರಲ್ಲಿ ಸುತ್ತಿ, ಕೊಬ್ಬರಿ ಮಿಠಾಯಿ ಡಬ್ಬದ ಪಕ್ಕ ಕೂರಿಸಿದ್ರು. ಹೊರಗೆ ಮರುಭೂಮಿ, ಒಳಗೆ ಕೋಡುಬಳೆ. ಸಿಯಾಮಕ್ ಮೈಕ್ ಹಿಡ್ಕೊಂಡು ಯಾರೂ ಕೇಳದಿದ್ರೂ ತಾರೋಫ್ ಬಗ್ಗೆ ಉಪನ್ಯಾಸ ಶುರು ಮಾಡಿದ. ಇರಾನಿಯರು ಕೊಡ್ತೀವಿ ಅಂದಿದ್ದೆಲ್ಲ ಕೊಡೋಕಲ್ಲ ಅಂತ ಸುತ್ತಿ ಬಳಸಿ ಹೇಳಿದ. ಮೊಸರನ್ನ ಉಂಡಿದ್ದ ಇಡೀ ಬಸ್ಸು ಗೊರಕೆ ಹೊಡೀತಿತ್ತು. ಮೂರು ಸಾವಿರ ವರ್ಷದ ನಾಗರಿಕತೆ ಮೊಸರನ್ನದ ಮುಂದೆ ಸೋತುಹೋಯ್ತು.

ಯಜ್ದ್‌ನಲ್ಲಿ ಮನೆಯೊಳಗೆ ಗಾಳಿ ಇಳಿಸೋ ಗೋಪುರಗಳನ್ನ ತೋರಿಸೋ ನೆಪದಲ್ಲಿ ಸರ್ವಮಂಗಳಮ್ಮನ್ನ ಒಂದು ತಾಮ್ರದ ಅಂಗಡಿಗೆ ಕರ್ಕೊಂಡು ಹೋದ. "ಮೇಡಂ, ಇದು ನೋಡಿ, ಬಳ್ಳಿ ಎಷ್ಟು ನೇರವಾಗಿದೆ. ಬೇಕಾದ್ರೆ ಅದನ್ನ ಇದಕ್ಕೆ ಬದಲಾಯಿಸ್ಕೊಳ್ಳಿ."

"ನೇರ ಇರೋದು ಎಲ್ಲಾ ಅಂಗಡೀಲೂ ಸಿಗುತ್ತಪ್ಪ. ಅಮ್ಮ ಕೊಟ್ಟಿದ್ದು ಸಿಗುತ್ತಾ?"

ಅವನು ಬಸ್ಸಿನ ಬಾಗಿಲಲ್ಲಿ ನಿಂತು ಅಮ್ಮಂಗೆ ಫೋನ್ ಮಾಡಿದ್ದು ನನಗೆ ಕೇಳಿಸ್ತು. "ನಿಜ ಹೇಳಿಬಿಡ್ತೀನಿ ಅಮ್ಮ."

"ಹೇಳಿದ್ರೆ ನನ್ನ ಮಗನೇ ಅಲ್ಲ ನೀನು. ಅತಿಥಿ ಸಂತೋಷವಾಗಿ ತಗೊಂಡು ಹೋಗಿದಾಳೆ. ನನ್ನ ಬಾಯೇ ಕೊಟ್ಟಿದ್ದು."

"ಸಂಜೆ ಚಹಾ ಕುಡಿದ್ಯಾ?"

"ಹೂಂ. ಸಕ್ಕರೆ ಉಪ್ಪಿನಕಾಯಿ ಬಾಟಲಿಗೆ ಹಾಕಿದೀನಿ. ಆ ಬಾಟಲಿ ಹತ್ರ ಏನು ಮಾತಾಡೋದು?"

ಶಿರಾಜಲ್ಲಿ ತೋಟಗಳನ್ನ ನೋಡಿ ರುದ್ರಯ್ಯ ದಂಪತಿ, ಜೊತೆಗೆ ಸಿಯಾಮಕ್, ಟ್ಯಾಕ್ಸೀಲಿ ಹೋಟೆಲಿಗೆ ಬಂದ್ರು. ನಾನು ಸರ್ವಮಂಗಳಮ್ಮನ ಕೈಚೀಲದಲ್ಲೇ ಇದ್ದೆ. ನನ್ನನ್ನ ರೂಮಲ್ಲಿ ಬಿಟ್ಟು ಬರೋಕೆ ಅವರಿಗೆ ಧೈರ್ಯ ಇರಲಿಲ್ಲ. ಸಿಯಾಮಕ್ ಇಳಿದು ಮುಂದೆ ಹೋಗಿದ್ದ. ಬಾಡಿಗೆ ಎಷ್ಟು ಅಂತ ರುದ್ರಯ್ಯ ಕೇಳಿದ್ರೆ ಡ್ರೈವರು ಎದೆ ಮೇಲೆ ಕೈ ಇಟ್ಟು, ಹರಕು ಇಂಗ್ಲಿಷಲ್ಲಿ, "ನೀವು ಅತಿಥಿಗಳು, ಏನೂ ಬೇಡ," ಅಂದ.

"ನೋಡೇ, ಎಂಥಾ ಧರ್ಮಾತ್ಮ! ನಮ್ಮೂರ ಆಟೋದವರು ಇದನ್ನ ನೋಡಬೇಕು," ಅಂತ ರುದ್ರಯ್ಯ ಅವನ ಕೈ ಕುಲುಕಿ ಹೊರಟೇಬಿಟ್ರು. ಧರ್ಮಾತ್ಮ ಸ್ಟೀರಿಂಗ್ ಹಿಡ್ಕೊಂಡು ಕಣ್ಣು ಕಣ್ಣು ಬಿಟ್ಟ. ಸಿಯಾಮಕ್ ಓಡಿ ಬಂದು ಬಾಡಿಗೆ ಕೊಟ್ಟು, ಕ್ಷಮೆ ಕೇಳಿ ಕಳಿಸಿದ.

"ಅವನೇ ಬೇಡ ಅಂದ್ನಲ್ಲಯ್ಯ!" ಅಂದ್ರು ರುದ್ರಯ್ಯ.

"ಬೇಡ ಅಂದ್ರೆ ಬೇಡ ಅಂತಲ್ಲ ಸರ್. ಹಾಗೆ ಅನ್ನೋದು ನಮ್ಮ ಮರ್ಯಾದೆ. ನೀವು ಒತ್ತಾಯ ಮಾಡಬೇಕಿತ್ತು."

ರುದ್ರಯ್ಯ ನಕ್ರು. ಸರ್ವಮಂಗಳಮ್ಮ ನಗಲಿಲ್ಲ. ಕೈಚೀಲನ ಎದೆಗೊತ್ಕೊಂಡು ನಿಂತ್ರು. "ಹಂಗಾದ್ರೆ ನಿಮ್ಮಮ್ಮ?"

"ಇಲ್ಲ ಮೇಡಂ, ಅಮ್ಮ ಮನಸಾರೆ ಕೊಟ್ಟಿದ್ದು."

"ಮೂವತ್ತು ವರ್ಷ ಸುಳ್ಳು ಹೇಳೋ ಮಕ್ಕಳಿಗೇ ಪಾಠ ಮಾಡಿದೋಳು ನಾನು. ಯಾರು ಮಾಡಿದ ಬಟ್ಟಲು ಇದು?"

ಸಿಯಾಮಕ್ ತನ್ನ ಬೂಟು ನೋಡ್ಕೊಂಡ. "ಅಪ್ಪ. ಕೊನೇದು."

ಸರ್ವಮಂಗಳಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತ್ಕೊಂಡ್ರು. "ಅಯ್ಯೋ ಶಿವನೇ. ಒಬ್ಬ ಹೆಂಗಸಿನ ಗಂಡನ್ನ ಕೈಚೀಲಕ್ಕೆ ಹಾಕ್ಕೊಂಡು ತಿರುಗ್ತಿದೀನಿ."

"ಅದಕ್ಕೇನಂತೆ, ಸಿಯಾಮಕ್ ಕೈಲಿ ಕೊಟ್ಟುಬಿಡು, ಅವನೇ ಮನೆಗೆ ಸೇರಿಸ್ತಾನೆ," ಅಂದ್ರು ರುದ್ರಯ್ಯ.

"ಕೊಟ್ಟ ಉಡುಗೊರೆನ ವಾಪಸ್ ಕಳಿಸೋದು ಅಂದ್ರೆ ಆ ಅಮ್ಮನ ಮುಖಕ್ಕೆ ಹೊಡೆದಂಗಲ್ವೇನ್ರೀ? ಸುಮ್ನಿರಿ, ಯೋಚನೆ ಮಾಡ್ತೀನಿ."

ವಿಮಾನ ಹತ್ತೋಕೆ ಟೆಹ್ರಾನಿಗೆ ಹೋಗೋ ದಾರೀಲಿ ಬಸ್ಸು ಇಸ್ಫಹಾನಲ್ಲಿ ಊಟಕ್ಕೆ ನಿಂತಿತು. ಸರ್ವಮಂಗಳಮ್ಮ ಊಟ ಬಿಟ್ಟು, ಗಂಡನ್ನೂ ಗೈಡನ್ನೂ ಎಳ್ಕೊಂಡು ಸೀದಾ ಖಾನುಂ ಮನೆಗೆ ಬಂದ್ರು. ಬಸ್ಸು ಇಳಿಯೋ ಮುಂಚೆಯೇ ನನ್ನ ಹೊಟ್ಟೆ ತುಂಬಾ ಕೊಬ್ಬರಿ ಮಿಠಾಯಿ ತುಂಬಿಟ್ಟಿದ್ರು.

"ತಗೊಳ್ಳಿ ಅಮ್ಮ, ನಿಮ್ಮ ಬಟ್ಟಲು."

"ಅದು ನಿಮ್ಮದು. ಕೊಟ್ಟಾಯ್ತು."

"ನೀವು ಸಕ್ಕರೆ ಕೊಟ್ರಿ, ಬಟ್ಟಲಲ್ಲಿ ಕೊಟ್ರಿ. ನಮ್ಮೂರಲ್ಲಿ ಪಕ್ಕದ ಮನೆ ಪಾತ್ರೆ ಬಂದ್ರೆ ನಾವು ಇಟ್ಕೊಳ್ಳಲ್ಲ, ಬರಿದಾಗೂ ವಾಪಸ್ ಕಳಿಸಲ್ಲ. ಏನಾದ್ರೂ ತುಂಬಿ ಕಳಿಸ್ತೀವಿ. ತುಂಬಿದೀನಿ."

ಖಾನುಂ ಕೇಳಿದ್ರು, "ಪಕ್ಕದ ಮನೆನಾ? ಎಷ್ಟು ದೂರ ನಿಮ್ಮೂರು?"

"ಮಧ್ಯದಲ್ಲಿ ಸ್ವಲ್ಪ ಸಮುದ್ರ ಇದೆ, ಅಷ್ಟೇ."

ಆದ್ರೂ ಖಾನುಂ ಕೈ ಚಾಚಲಿಲ್ಲ. ಬೇಡ ಅಂದ್ರು. ಮತ್ತೆ ಬೇಡ ಅಂದ್ರು. ಇದು ಪದ್ಧತಿಯ ಬೇಡವಾ, ನಿಜವಾದ ಬೇಡವಾ ಅಂತ ಅಷ್ಟು ವರ್ಷ ಜೊತೆಗಿದ್ದ ನನಗೇ ತಿಳೀಲಿಲ್ಲ. ಹೊರಗೆ ಬಸ್ಸು ಹಾರ್ನ್ ಹೊಡೀತಿತ್ತು. "ಲೇ, ವಿಮಾನ ತಪ್ಪುತ್ತೆ ಕಣೇ!" ಅಂದ್ರು ರುದ್ರಯ್ಯ.

ಸರ್ವಮಂಗಳಮ್ಮ ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ರು. "ನೀವು ಹೋಗಿ. ಇವರು ತಗೊಳ್ಳೋವರೆಗೂ ನಾನು ಏಳಲ್ಲ." ಆಮೇಲೆ ಖಾನುಂ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲೇ ಅಂದ್ರು, "ನಿಮ್ಮ ಯಜಮಾನ್ರು ಮಾಡಿದ್ದು ಅಂತ ನಂಗೆ ಗೊತ್ತಿರಲಿಲ್ಲ ಕಣಮ್ಮ."

ಇದನ್ನ ಅನುವಾದ ಮಾಡೋಕೆ ಸಿಯಾಮಕ್‌ಗೆ ಕನ್ನಡ ಬರ್ತಿರಲಿಲ್ಲ. ಆದ್ರೆ ಸರ್ವಮಂಗಳಮ್ಮನ ಹೆಬ್ಬೆರಳು ನನ್ನ ಎಡಗಡೆ, ಉಸ್ತಾದರ ಕೈ ನಡುಗಿದ ಜಾಗದಲ್ಲಿ ಇತ್ತು. ಖಾನುಂ ಆ ಹೆಬ್ಬೆರಳನ್ನೇ ನೋಡಿದ್ರು. ಆಮೇಲೆ ಎರಡೂ ಕೈ ಚಾಚಿ ನನ್ನನ್ನ ಮಡಿಲಿಗೆ ತಗೊಂಡ್ರು.

ಒಂದು ಮಿಠಾಯಿ ಬಾಯಿಗೆ ಹಾಕ್ಕೊಂಡು, ನಿಧಾನಕ್ಕೆ ಅಗಿದು ಮುಗಿಸಿದ್ರು. ನನ್ನ ಮುಚ್ಚಳನ ಒಂದ್ಸಲ ಅಂಗೈಯಲ್ಲಿ ಒರೆಸಿ, ಸರ್ವಮಂಗಳಮ್ಮನ ಕೈಗೆ ಇಟ್ರು. ಎದೆ ಮೇಲೆ ಕೈ ಇಡಲಿಲ್ಲ. ಪೀಶ್‌ಕಶ್ ಅನ್ನಲಿಲ್ಲ.

"ತಗೋ," ಅಂದ್ರು, ಅಷ್ಟೇ.

ಸರ್ವಮಂಗಳಮ್ಮನ ನಾಲಿಗೆ ತುದಿಗೆ "ಬೇಡ" ಬಂದಿತ್ತು. ನುಂಗ್ಕೊಂಡು, ತಗೊಂಡ್ರು.

ಅದಾಗಿ ಬಹಳ ಕಾಲವಾಯ್ತು. ಖಾನುಂ ಈಗಿಲ್ಲ. ಟೂರುಗಳೂ ಕಮ್ಮಿ. ನಾನು ಸಿಯಾಮಕ್ ಮನೆಯ ಕಿಟಕಿ ಮೂಲೇಲಿ ಬಾಯಿ ತೆರೆದುಕೊಂಡು ಕೂತಿದೀನಿ. ಇರುವೆಗಳು ಹೇಳದೆ ಕೇಳದೆ ಬರ್ತವೆ, ಅವಕ್ಕೆ ತಾರೋಫ್ ಗೊತ್ತಿಲ್ಲ. ಕೂತು ಯೋಚನೆ ಮಾಡ್ತೀನಿ. ನಮ್ಮೂರಲ್ಲಿ ದಿನಾ ಎಷ್ಟೋ ಜನ ಎಷ್ಟೋ ವಸ್ತುಗಳನ್ನ ಬಾಯಲ್ಲಿ ಕೊಡ್ತಾರೆ. ಒಬ್ಬಳು ಬಂದು ಅದನ್ನ ನಿಜ ಅಂತ ನಂಬಿಬಿಟ್ಟಳು. ಅದಕ್ಕೇ ಕೊನೆಗೆ ಅದು ನಿಜ ಆಗಲೇಬೇಕಾಯ್ತು.

ಮನೆಗೆ ಬಂದೋರು ಕೇಳ್ತಾರೆ, "ಇದರ ಮುಚ್ಚಳ ಎಲ್ಲಿ?"

ಸಿಯಾಮಕ್ ತಲೆ ಎತ್ತದೆ ಚಹಾ ಬಗ್ಗಿಸ್ತಾ ಹೇಳ್ತಾನೆ, "ಚಿಕ್ಕಮ್ಮನ ಮನೇಲಿದೆ."