ಎಡಗಡೆಯ ದನಿ

"ಹಾರ ಅಲ್ಲೇ ಇಡ್ರಿ. ಅವ್ವನ ಕೊರಳಿಗೆ ಹಾಕಬ್ಯಾಡ್ರಿ," ಎಂದು ಸುಮಲತಾ ಹಾಲೇಶಪ್ಪನ ಕೈ ತಡೆದಳು.

ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವ ಕೊಟ್ರಮ್ಮನ ಹೆಣದ ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಹಾಲೇಶಪ್ಪ ಕೊಟ್ಟೂರಿನ ಆರ್ಕೆಸ್ಟ್ರಾದ ಮಾಲೀಕ, ಗಾಯಕ. ಕೊಟ್ರಮ್ಮ ಅವನ ತಂಡದಲ್ಲಿ ಮಾತಿಲ್ಲದ ಹಾಡು ಹಾಡುತ್ತಿದ್ದಳು. ಅದೇ ತಂಡದ ಜಿಲಾನಿ ಜಾಜ್ ಡ್ರಮ್ಮಿನ ಮೇಲೆ ಏನು ಬಾರಿಸಿದರೂ ಅದನ್ನು 'ದಬದೀ ದಾಬ ರಿಪದಾ' ಎಂದು ಬಾಯಲ್ಲೇ ತಿರುಗಿಸಿ, ತಿರುಚಿ, ಅವನನ್ನು ಸೋಲಿಸುತ್ತಿದ್ದಳು. ಹಡಗಲಿಯ ಮದುವೆಗಳಲ್ಲಿ ಜನ ಊಟ ಬಿಟ್ಟು ಎದ್ದು ಬರುತ್ತಿದ್ದರು.

ಹಾಲೇಶಪ್ಪ ಹಾರ ಕೆಳಗಿಟ್ಟು, ತಾನು ತಂದ ಟೇಪ್ ರೆಕಾರ್ಡರನ್ನೂ ಅದರ ಎರಡು ಸ್ಪೀಕರುಗಳನ್ನೂ ಜೋಡಿಸಿದ. ಮಣ್ಣಿಗೆ ಹೊರಡುವ ತನಕ ತಂಡದ ಹಾಡಿನ ಕ್ಯಾಸೆಟ್ ಹಾಕೋಣವೆಂದ.

"ನನ್ನ ಹಾಡಿಗೆ ನಿಮ್ಮವ್ವ ದನಿ ಕೂಡಿಸ್ತಿದ್ದಳವ್ವ. ಜನಕ್ಕ ಗೊತ್ತಾಗ್ಲಿ."

"ಹಂಗಾರ ಕ್ಯಾಸೆಟ್ ಮ್ಯಾಲೆ ಆಕಿ ಹೆಸರು ಯಾಕಿಲ್ರಿ?"

"ಮಾತಿಲ್ಲದ್ದಕ್ಕ ಹಾಡು ಅಂತಾರೇನು? ಹೆಣದ ಮುಂದ ಜಗಳ ತಗೀಬ್ಯಾಡ."

ಬಾಗಿಲ ಬಳಿ ಕೂತಿದ್ದ ಜಿಲಾನಿ ತಲೆ ಎತ್ತಿದ. "ಮದುವಿಗೆ ನಮ್ಮ ತಂಡ ಗೊತ್ತು ಮಾಡಾಕ ಬಂದೋರು, ಆಕಿ ಬರ್ತಾಳೇನು ಅಂತ ಕೇಳ್ತಿದ್ರು. ನಿನ್ನ ಯಾರೂ ಕೇಳ್ತಿದ್ದಿಲ್ಲ ಬಿಡಲೇ."

*

ತೊಂಬತ್ತಮೂರರಲ್ಲಿ ಹರಪನಹಳ್ಳಿಯಲ್ಲಿ ಆ ಕ್ಯಾಸೆಟ್ಟಿನ ರೆಕಾರ್ಡಿಂಗ್ ಆದಾಗ, ತನ್ನ ದನಿಗೆ ಅವಳದು ತಾಗಬಾರದೆಂದು ಹಾಲೇಶಪ್ಪನೇ ಅವಳಿಗೆ ಬೇರೆ ಮೈಕು ಕೊಡಿಸಿದ್ದ. ಅವನ ದನಿ ಬಲಗಡೆಯ ಸ್ಪೀಕರಿಗೆ ಬಿತ್ತು, ಅವಳದು ಎಡಗಡೆಗೆ. ಜಿಲಾನಿಯ ಜಾಜ್ ಡ್ರಮ್ಮು ಎರಡೂ ಕಡೆ.

ಕೊಟ್ರಮ್ಮನ ಮನೆಯ ಹಳೆಯ ಟೇಪ್ ರೆಕಾರ್ಡರಿನಲ್ಲಿ ಬಲಗಡೆಯ ಸ್ಪೀಕರ್ ಕೆಟ್ಟಿತ್ತು. ಕ್ಯಾಸೆಟ್ಟಿನಲ್ಲಿ ಅವ್ವನೊಬ್ಬಳೇ ಹಾಡಿದ್ದಾಳೆಂದು ಸುಮಲತಾ ನಂಬಿ ಬೆಳೆದಳು. ಒಮ್ಮೆ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಅದೇ ಹಾಡಿನ ಮೇಲೆ ಗಂಡಸಿನ ದನಿ ಕೇಳಿಸಿತು. ನಮ್ಮವ್ವನ ಹಾಡು ಕೆಡಿಸಿದ್ದೀರೆಂದು ಕ್ಯಾಸೆಟ್ ಅಂಗಡಿಯವನ ಮೇಲೆ ಹರಿಹಾಯ್ದಳು. ಅವನು ನಕ್ಕು, ಹಾಲೇಶಪ್ಪನ ಫೋಟೊ ಇದ್ದ ಕವರ್ ತೋರಿಸಿದ. ಕೊಟ್ರಮ್ಮ ಮಗಳನ್ನು ಎಳೆದುಕೊಂಡು ಹೋಗಿ ಬಸ್ ಹತ್ತಿಸಿದ್ದಳು.

*

ಹಾಲೇಶಪ್ಪ ಗುಂಡಿ ಒತ್ತಿದ. ಅವನ ದನಿ ಅಂಗಳ ತುಂಬಿತು. ಎಂಥಾ ಕಂಠ ನೋಡು ಎಂದು ಯಾರೋ ಮುದುಕರು ಅವನನ್ನೇ ಹೊಗಳಿದರು.

ಸುಮಲತಾ ಎದ್ದು ಬಲಗಡೆಯ ಸ್ಪೀಕರಿನ ವೈರು ಕಿತ್ತಳು.

ಹಾಡಿನಲ್ಲಿ ಅವನ ಮಾತುಗಳಿದ್ದ ಜಾಗವೆಲ್ಲ ಖಾಲಿಯಾಯಿತು. ಅಲ್ಲಿ ಜಿಲಾನಿಯ ಪೆಟ್ಟುಗಳಷ್ಟೇ ನಡೆದುಹೋದವು. ಅವುಗಳ ಹಿಂದೆಯೇ ಎಡಗಡೆಯಿಂದ ಕೊಟ್ರಮ್ಮನ ದನಿ ಎದ್ದಿತು. ದಬದೀ, ದಾಬ, ರಿಪದಾ. ಸಾವಿನ ಮನೆಗೆ ಹಾಡಲು ಬಂದಿದ್ದ ಭಜನೆಯವರು ತಾಳಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ವೈರು ಕೊಡವ್ವ," ಎಂದು ಹಾಲೇಶಪ್ಪ ಕೈ ಚಾಚಿದ.

ಅವಳು ವೈರನ್ನು ಮುಷ್ಟಿಗೆ ಸುತ್ತಿಕೊಂಡಳು.

ಹಾಡಿನಲ್ಲಿ ಮತ್ತೆ ಅವನ ಮಾತುಗಳ ಖಾಲಿ ಜಾಗ ಬಂತು. ಚಾಚಿದ ಕೈ ಹಾಗೆಯೇ ಇತ್ತು, ಹಾಲೇಶಪ್ಪನ ತುಟಿಗಳು ಆ ಮಾತುಗಳಿಗೆ ತಾವಾಗಿಯೇ ಅಲುಗುತ್ತಿದ್ದವು. ದನಿ ಹೊರಡಲಿಲ್ಲ.