ಮೈದಾ ಅಂಟು

"ಇಷ್ಟೊಂದು ಹಾಳೇಲಿ ಅದೇನು ಮಾಡ್ತೀರಿ ನೀವು?" ಎಂದು ಕಾಗದದಂಗಡಿಯಾಕೆ ಕೇಳಿದಾಗ ಲಿಫ್ಟ್ ಮೆಕ್ಯಾನಿಕ್ಕನ ಕಂಕುಳಲ್ಲಿ ನೀಲಿ ದಪ್ಪ ಹಾಳೆಗಳ ಸುರುಳಿಯಿತ್ತು, ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ.

ನಿಜ ಹೇಳುವಂತಿರಲಿಲ್ಲ. ನಿಜವೆಂದರೆ ಅವನಿಗೆ ಹಾಳೆ ಬೇಕಾಗಿಯೇ ಇರಲಿಲ್ಲ. ಆ ಹಳೇ ಕಟ್ಟಡದ ಲಿಫ್ಟು ಅವನ ಜವಾಬ್ದಾರಿಗೆ ಸೇರಿದ್ದು. ಅಂಗಡಿ ಅದೇ ಕಟ್ಟಡದ ಕೆಳಗೆ, ಮೆಟ್ಟಿಲ ಬುಡದಲ್ಲಿ. ಒಮ್ಮೆ ಮೊಣಕೈವರೆಗೆ ಗ್ರೀಸು ಮೆತ್ತಿಕೊಂಡು, ಒರೆಸಿಕೊಳ್ಳಲು ಒಂದು ರದ್ದಿ ಕಾಗದ ಕೇಳಿದ್ದಕ್ಕೆ ಆಕೆ ಸೋಪಿನ ತುಂಡೊಂದನ್ನು ಕೈಗಿಟ್ಟು ಹಿಂದಿನ ನಲ್ಲಿ ತೋರಿಸಿದ್ದಳು. "ಕಾಗದದಲ್ಲಿ ಒರೆಸಿದ್ರೆ ಗ್ರೀಸು ಹೋಗಲ್ಲ, ಕಾಗದ ಹೋಗುತ್ತೆ" ಎಂದಿದ್ದಳು. ಅಂದಿನಿಂದ ಆ ಲಿಫ್ಟಿನ ಆರೋಗ್ಯ ಯಾಕೋ ಸೂಕ್ಷ್ಮವಾಯಿತು. ಅವನೇನೂ ಬೇಕೆಂದು ಕೆಡಿಸುತ್ತಿರಲಿಲ್ಲ. ಆದರೆ ಬಂದ ದಿನವೇ ಪೂರ್ತಿ ರಿಪೇರಿ ಮಾಡಿ ಮುಗಿಸುತ್ತಲೂ ಇರಲಿಲ್ಲ. ಮೇಲಿನ ಮಹಡಿಯ ದಂತವೈದ್ಯರು ಅವನನ್ನು ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಕೆಲಸ ಮುಗಿಸಿ ಹೊರಡುವಾಗ ಅಂಗಡಿಯ ಮುಂದೆ ಸುಮ್ಮನೆ ನಿಲ್ಲುವುದು ಹೇಗೆಂದು ಅವನು ಎರಡು ಹಾಳೆ ಕೊಳ್ಳುತ್ತಿದ್ದ. ಒಮ್ಮೆ ಕೆಂಪು, ಒಮ್ಮೆ ಹಳದಿ, ಒಮ್ಮೆ ಸೆಗಣಿ ಬಣ್ಣದ ರಟ್ಟು. ಎಲ್ಲವೂ ಮನೆಗೆ ಹೋಗಿ ಮಂಚದ ಕೆಳಗೆ ಮಲಗುತ್ತಿದ್ದವು.

"ಮನೆಗೆ ಬೇಕಾದ್ದು ಮಾಡ್ತೀನಿ" ಎಂದುಬಿಟ್ಟ. ಒಮ್ಮೆ ತೆರೆದ ಬಾಯಿ ಅದರ ಪಾಡಿಗೆ ಅದು ಓಡಿತು. "ಸಾಮಾನು ಇಡೋ ಡಬ್ಬಿ, ಗೋಡೆಗೆ ನೇತುಹಾಕೋ ಜೇಬು, ತರಕಾರಿ ಬುಟ್ಟಿ, ದೀಪಕ್ಕೆ ಹಾಕೋ ಟೋಪಿ... ಎಲ್ಲಾ ಕಾಗದದ್ದೇ."

"ನೀವೇ? ಕೈಯಾರೆ?"

"ನಾನೇ."

ಆಕೆ ಮೇಜಿನ ಮೇಲೆ ಮೊಣಕೈ ಊರಿ ಅವನ ಕೈಗಳನ್ನು ನೋಡಿದಳು. ಬೆರಳೊಂದೊಂದೂ ಸ್ಪ್ಯಾನರಿನಷ್ಟು ದಪ್ಪ. "ನಾನು ಕಣ್ಣು ಬಿಟ್ಟಾಗಿನಿಂದ ಕಾಗದದ ಮಧ್ಯಾನೇ ಇದ್ದೀನಿ. ಅಪ್ಪನ ಕಾಲದ ಅಂಗಡಿ, ಇದನ್ನ ನೋಡ್ಕೊಳ್ಳೋದ್ರಲ್ಲಿ ಮದುವೆಗೂ ಪುರುಸೊತ್ತಾಗಲಿಲ್ಲ. ಆದ್ರೆ ಇಲ್ಲಿಂದ ಹೋದ ಹಾಳೆ ಆಮೇಲೆ ಏನಾಯ್ತು ಅಂತ ಒಂದು ಸಲಾನೂ ನೋಡಿಲ್ಲ. ಭಾನುವಾರ ಅಂಗಡಿ ರಜ. ನೋಡೋಕೆ ಬರಬಹುದಾ?"

"ಬನ್ನಿ, ಅದಕ್ಕೇನಂತೆ" ಎಂದ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರು ಒಳಗಿನಿಂದ "ಏನೂ ಗಾಬರಿ ಇಲ್ಲ" ಎಂದು ಕೂಗುತ್ತಾರಲ್ಲ, ಆ ದನಿಯಲ್ಲಿ.

ಮನೆಯಲ್ಲಿದ್ದದ್ದು ಅವನು ಮತ್ತು ಅವನ ಅತ್ತೆ, ಅಂದರೆ ತೀರಿಕೊಂಡ ಹೆಂಡತಿಯ ತಾಯಿ. ಮಗಳು ಕಾಯಿಲೆ ಬಿದ್ದಾಗ ನೋಡಿಕೊಳ್ಳಲು ಬಂದವರು, ಮಗಳು ಹೋದ ಮೇಲೂ ಉಳಿದರು. ಇರಿ ಎಂದು ಅವನು ಹೇಳಲಿಲ್ಲ, ಹೋಗುತ್ತೇನೆ ಎಂದು ಅವರೂ ಹೇಳಲಿಲ್ಲ. ಬೆಳಿಗ್ಗೆ ಅವನ ಊಟದ ಡಬ್ಬಿ ತಯಾರಾಗುತ್ತಿತ್ತು, ಸಂಜೆ ಅವರ ಮಂಡಿನೋವಿನ ಎಣ್ಣೆ ಮನೆಗೆ ಬರುತ್ತಿತ್ತು. ಹೀಗೆಯೇ ವರ್ಷಗಳು ಉರುಳಿದ್ದವು. ಮಕ್ಕಳಿಲ್ಲದ ಮನೆಯಲ್ಲಿ ಮಗಳೂ ಇಲ್ಲವಾದ ಮೇಲೆ ಅತ್ತೆ ಅಳಿಯ ಎನ್ನುವುದಕ್ಕೆ ಆಧಾರವೇನು ಎಂದು ಇಬ್ಬರೂ ಕೇಳಿಕೊಂಡವರಲ್ಲ.

ಅಂದು ಅವನು ಮಂಚದ ಕೆಳಗೆ ತೂರಿಕೊಂಡು ಹಾಳೆಗಳನ್ನು ಹೊರಗೆಳೆಯುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಅಂತೂ ತೆಗೆದ್ರಿ. ಆ ಮಂಚದ ಕೆಳಗೆ ಪೊರಕೆ ಹೋಗಿ ಎಷ್ಟು ಕಾಲ ಆಯ್ತು ಗೊತ್ತಾ ಅಳಿಯಂದ್ರೇ? ಮಾರೋದಕ್ಕಾ?"

"ಅಲ್ಲ ಅತ್ತೆ. ಡಬ್ಬಿ ಮಾಡೋಕೆ."

"ಯಾರು ಮಾಡ್ತಾರೆ?"

"ನಾನು."

ಅತ್ತೆ ಕುರ್ಚಿ ಎಳೆದುಕೊಂಡು, ನಾಟಕ ನೋಡಲು ಕೂತವರ ಹಾಗೆ ಕೂತರು. ಅವನು ಫೋನನ್ನು ಗೋಡೆಗೆ ಒರಗಿಸಿ ವೀಡಿಯೋ ಹಾಕಿದ. ಅದರಲ್ಲಿದ್ದ ಹುಡುಗಿ "ತುಂಬಾನೇ ಈಸಿ" ಎನ್ನುತ್ತ ಒಂದು ಹಾಳೆಯನ್ನು ಆ ಕಡೆ ಮಡಚಿ ಈ ಕಡೆ ಮಡಚಿ ಡಬ್ಬಿ ಮಾಡಿ, ಡಬ್ಬಿಗೊಂದು ಮುಚ್ಚಳವನ್ನೂ ಮಾಡಿ ನಕ್ಕಳು. ಅವನು ಇನ್ನೂ ಮೊದಲನೇ ಮಡಿಕೆಯಲ್ಲಿದ್ದ. ಕೊನೆಗೆ ಅವನ ಕೈಯಲ್ಲಿ ಉಳಿದದ್ದನ್ನು ನೋಡಿ ಅತ್ತೆ, "ಯಾರೋ ಕೂತು ಎದ್ದುಹೋದ ಹಾಗಿದೆ" ಎಂದರು.

"ಅಂಟಿಸಿದ್ರೆ ಸರಿಹೋಗುತ್ತೆ."

"ಅಂಟೆಲ್ಲಿ?"

ಅಂಟು ಇರಲಿಲ್ಲ. ಕಾಗದದ ರಾಶಿಯಲ್ಲಿ ಹುಡುಕಿದಂತೆ ಮಾಡಿದ. "ತಗೊಂಡು ಬನ್ನಿ ಮತ್ತೆ" ಎಂದರು ಅತ್ತೆ. ಆ ಅಂಗಡಿಯಲ್ಲಿ ಈಗ ಕೇಳುವಂತಿಲ್ಲ, ಕೇಳಿದರೆ ಬಣ್ಣ ಬಯಲು. "ಹಾಳೆ ತಂದ ಅಂಗಡೀಲಿ ಕೇಳೋಕಾಗಲ್ಲ ಅತ್ತೆ" ಎಂದ. "ಹಾಗಾದ್ರೆ ನಮ್ಮ ಬೀದಿ ಅಂಗಡೀಲಿ ತನ್ನಿ. ಅಲ್ಲೂ ಇರುತ್ತಲ್ಲ."

"ಬೇರೆ ಅಂಗಡೀಲಾ?" ಎಂದ ಅವನು. ಅದೆಷ್ಟು ನೊಂದು ಹೇಳಿದನೆಂದರೆ, ಅತ್ತೆ ಕುರ್ಚಿಯಿಂದ ತುಸು ಮುಂದೆ ಬಾಗಿ ಅಳಿಯನ ಮುಖವನ್ನು ಓದಿದರು. ಓದುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಯಾರು ಬರ್ತಾರೆ ಮನೆಗೆ?"

"ಕಾಗದದ ಅಂಗಡಿಯವರು."

"ಯಾಕೆ, ಕಾಗದ ವಾಪಸ್ ಇಸ್ಕೊಳ್ಳೋಕಾ?"

ಅವನು ಡಬ್ಬಿಯ ಮೂಲೆ ನೀವತೊಡಗಿದ. ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದರು. ಪಾತ್ರೆಯ ಸದ್ದಾಯಿತು, ಸ್ಟೌ ಹತ್ತಿದ ಸದ್ದಾಯಿತು. ಅವರು ಏನಾದರೂ ಬೇಸರ ಮಾಡಿಕೊಂಡರೇ ಎಂದು ಅವನು ಇಣುಕಿದರೆ, ಅತ್ತೆ ಮೈದಾಹಿಟ್ಟನ್ನು ನೀರಿಗೆ ಕಲಸಿ ಸಣ್ಣ ಉರಿಯ ಮೇಲೆ ತಿರುವುತ್ತಿದ್ದರು.

"ನಿಂತು ನೋಡ್ಬೇಡಿ. ಹೋಗಿ ಹಳೇ ಪೇಪರ್ ತಂದು ನೆಲಕ್ಕೆ ಹಾಸಿ. ಇದು ತಣ್ಣಗಾಗೋದ್ರೊಳಗೆ ಹಚ್ಚಬೇಕು."

ಆ ವಾರ ಮನೆ ಮನೆಯಾಗಿ ಉಳಿಯಲಿಲ್ಲ. ಸಂಜೆಯಾದರೆ ನೆಲದ ತುಂಬ ಕತ್ತರಿಸಿದ ಪಟ್ಟಿಗಳು, ಅಂಟಿನ ಬಟ್ಟಲು, ಪೆನ್ಸಿಲು. ಅತ್ತೆ ಹಳೇ ಪತ್ರಿಕೆಗಳನ್ನು ಹೆಣಿಗೆಯ ಕಡ್ಡಿಗೆ ಸುತ್ತಿ ಸುತ್ತಿ ಕೊಳವೆ ಮಾಡಿ ರಾಶಿ ಹಾಕುತ್ತಿದ್ದರು, ಅವನು ಅವನ್ನು ಹೆಣೆದು ಬುಟ್ಟಿ ಮಾಡುತ್ತಿದ್ದ. ಮೊದಲ ಬುಟ್ಟಿ ಒಂದು ಪಕ್ಕಕ್ಕೆ ವಾಲಿತು. ಎರಡನೆಯದು ಇನ್ನೊಂದು ಪಕ್ಕಕ್ಕೆ ವಾಲಿತು. "ಎರಡನ್ನೂ ಒಟ್ಟಿಗೆ ಇಡಿ, ಒಂದಕ್ಕೊಂದು ಆತುಕೊಳ್ಳಲಿ" ಎಂದರು ಅತ್ತೆ. ಈರುಳ್ಳಿ ಒಂದರಲ್ಲಿ, ಆಲೂಗಡ್ಡೆ ಒಂದರಲ್ಲಿ, ಎರಡೂ ಆತುಕೊಂಡೇ ನಿಂತವು. ರಟ್ಟನ್ನು ಕೊಯ್ದು ಮೇಜಿನ ಖಾನೆಗೆ ಅಡ್ಡಗೋಡೆಗಳನ್ನು ಹಾಕಿದಾಗ, ಸ್ಕ್ರೂಗಳು, ಗುಂಡಿಗಳು, ಕರೆಂಟಿನ ತುಣುಕು ತಂತಿಗಳು ಜೀವಮಾನದಲ್ಲಿ ಮೊದಲ ಬಾರಿಗೆ ಬೇರೆಬೇರೆಯಾದವು. ಖಾಲಿ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಅಂಟಿಸಿ, ಹಳದಿ ಹಾಳೆ ಸುತ್ತಿ, ಎಳೆಯಲು ಮಣಿ ಪೋಣಿಸಿ ಅತ್ತೆ ತಮ್ಮ ಮಾತ್ರೆಗಳಿಗೊಂದು ಪುಟ್ಟ ಬೀರು ಮಾಡಿದರು. ಅದನ್ನು ತೆರೆಯುವುದು ಮುಚ್ಚುವುದೇ ಅವರಿಗೊಂದು ಕೆಲಸವಾಯಿತು. ಅಳಿಯನ ಕೂದಲಿಗೆ ಮೈದಾ ಹತ್ತಿ ಒಣಗಿ ಕಡ್ಡಿಯಂತೆ ನಿಂತ ದಿನ ಅವರು ನಕ್ಕ ನಗೆಗೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿಕೊಂಡು ಹೋದರು.

ಈ ಗದ್ದಲದ ನಡುವೆ ಅತ್ತೆ ತಮ್ಮದೇ ಒಂದು ದೊಡ್ಡ ಪೆಟ್ಟಿಗೆ ಮಾಡಿಕೊಳ್ಳುತ್ತಿದ್ದರು. ರಟ್ಟಿನದು, ಮೇಲೆ ನೀಲಿ ಹಾಳೆ, ಎರಡು ಕಡೆ ಹಿಡಿಕೆ. ಏನಿಡಲು ಎಂದು ಅವನು ಕೇಳಿದ್ದಕ್ಕೆ, "ನಿಮಗ್ಯಾಕೆ, ನಿಮ್ಮ ದೀಪದ ಟೋಪಿ ನೋಡ್ಕೊಳ್ಳಿ. ಅದು ಇನ್ನೂ ಟೋಪಿ ಹಾಗಿಲ್ಲ, ಹೂಕೋಸಿನ ಹಾಗಿದೆ" ಎಂದು ಬಾಯಿ ಮುಚ್ಚಿಸಿದರು.

ಭಾನುವಾರ ಆಕೆ ಬಂದಳು. ಅಂಗಡಿಯ ಮೇಜಿನ ಹಿಂದೆ ಅರ್ಧವಷ್ಟೇ ಕಾಣುತ್ತಿದ್ದ ಹೆಣ್ಣು ಪೂರ್ತಿಯಾಗಿ ಬಾಗಿಲಲ್ಲಿ ನಿಂತದ್ದು ಕಂಡು ಅವನಿಗೆ ಮಾತು ಮರೆತುಹೋಯಿತು. "ಬಾಮ್ಮ, ಒಳಗೆ ಬಾ. ಇವರು ಹೀಗೇ, ಗಂಟೆ ಒತ್ತಿದ ಮೇಲೆ ಬಾಗಿಲು ತೆರೆಯೋಕೆ ಸ್ವಲ್ಪ ಹೊತ್ತು ಬೇಕು" ಎಂದು ಅತ್ತೆಯೇ ಕರೆದರು.

ಆಕೆ ಒಂದೊಂದನ್ನೂ ಎತ್ತಿ ನೋಡಿದಳು. ಆತುಕೊಂಡ ಬುಟ್ಟಿಗಳ ಮುಂದೆ ಕುಳಿತು ಹೆಣಿಗೆಯ ಮೇಲೆ ಬೆರಳಾಡಿಸಿದಳು. ಬೆಂಕಿಪೊಟ್ಟಣದ ಬೀರುವಿನ ಎಲ್ಲ ಖಾನೆಗಳನ್ನೂ ಎಳೆದು, "ಇದು ರಕ್ತದೊತ್ತಡಕ್ಕೆ, ಇದು ನಿದ್ದೆಗೆ, ಇದು ಸುಮ್ಮನೆ ಡಾಕ್ಟರ ಸಮಾಧಾನಕ್ಕೆ" ಎಂದು ಅತ್ತೆ ಹೇಳುವುದನ್ನು ಕೇಳಿದಳು. ದೀಪ ಹಚ್ಚಿದಾಗ ಬಿಳಿ ಹಾಳೆಯ ಟೋಪಿಯ ಒಳಗಿನಿಂದ ಬೆಳಕು ಹರಡಿತು, ಅದರ ಜೊತೆಗೆ ಗ್ರೀಸಿನ ಒಂದು ದೊಡ್ಡ ಹೆಬ್ಬೆಟ್ಟಿನ ಗುರುತೂ ಹೊಳೆಯಿತು. ಆಕೆ ಅದನ್ನೇ ನೋಡುತ್ತ ನಿಂತಳು.

"ಅದು ಒರೆಸಿದೆ, ಹೋಗಲಿಲ್ಲ" ಎಂದ ಅವನು.

"ಇರಲಿ, ಚೆನ್ನಾಗಿದೆ" ಎಂದಳು. ಆಮೇಲೆ ಅವನತ್ತ ತಿರುಗಿ, "ಒಂದು ಕೇಳ್ಲಾ? ಇದೆಲ್ಲ ಈ ವಾರ ಮಾಡಿದ್ದಲ್ವಾ?"

ಅವನು ಅತ್ತೆಯ ಮುಖ ನೋಡಿದ. ಅತ್ತೆ ಫ್ಯಾನಿನ ಕಡೆ ನೋಡಿದರು.

"ನನ್ನ ಹತ್ರ ಇಷ್ಟು ಕಾಗದ ತಗೊಂಡ್ರಿ, ಒಂದು ದಿನಾನೂ ಅಂಟು ಕೇಳಲಿಲ್ಲ. ಕತ್ತರಿ ಕೇಳಲಿಲ್ಲ. ಅಂಗಡಿ ನಡೆಸೋಳಿಗೆ ಅಷ್ಟೂ ಗೊತ್ತಾಗಲ್ವಾ?"

"ಗೊತ್ತಿದ್ದೂ ಬರ್ತೀನಿ ಅಂದ್ರಾ?"

"ಅದಕ್ಕೇ ಬಂದೆ" ಎಂದು ಆಕೆ ಬುಟ್ಟಿಯಿಂದ ಉರುಳಿದ್ದ ಈರುಳ್ಳಿಯೊಂದನ್ನು ಎತ್ತಿ ಒಳಗಿಟ್ಟಳು. ಕಿವಿ ಕೆಂಪಾಗಿತ್ತು. ಮೆಕ್ಯಾನಿಕ್ಕನಿಗೆ ಅದು ಕಂಡಿತು. ಕಂಡದ್ದೇ ಅವನ ಮುಖ ಅರಳಿತು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖ ಹಾಗೆ ಅರಳಿದ್ದನ್ನು ಅತ್ತೆ ಎಲ್ಲೂ ನೋಡಿರಲಿಲ್ಲ. ಅವರು ಸದ್ದಿಲ್ಲದೆ ಎದ್ದು ಒಳಗೆ ಹೋದರು.

ಹೊರಗೆ ಬಂದಾಗ ಅವರ ಹೆಗಲ ಮೇಲೆ ಶಾಲು, ಕೈಯಲ್ಲಿ ಆ ನೀಲಿ ಪೆಟ್ಟಿಗೆ.

"ನಾನು ಸ್ವಲ್ಪ ದಿನ ತಮ್ಮನ ಮನೆಗೆ ಹೋಗಿ ಬರ್ತೀನಿ. ಕರೀತಾನೇ ಇದ್ದಾನೆ. ಬಟ್ಟೆ ಬೀರುವಿನಲ್ಲಿ ನನ್ನ ಖಾನೆ ಖಾಲಿ ಮಾಡಿ ಒರೆಸಿಟ್ಟಿದ್ದೀನಿ. ನೀವು ಮಾತಾಡ್ತಾ ಇರಿ, ಎದ್ದೇಳ್ಬೇಡಿ."

ಅವನು ಎದ್ದ. "ಈಗಲೇನಾ? ಅತ್ತೆ, ನಿಲ್ಲಿ."

"ಈಗಲೇ ಸರಿ. ಮಗಳಿದ್ದಾಗ ಇದು ಮಗಳ ಮನೆ. ಆಮೇಲೂ ಇದ್ದೆ, ನೀವೂ ಏನೂ ಅನ್ನಲಿಲ್ಲ, ಒಳ್ಳೇದಾಯ್ತು. ಇನ್ನು ಮನೆಗೆ ಬರೋರಿಗೆ ಜಾಗ ಬೇಕಲ್ಲ" ಎಂದು, ದನಿ ಒಡೆಯುವ ಮೊದಲೇ ಬಾಗಿಲು ದಾಟುವ ಆತುರದಲ್ಲಿ, ಅತ್ತೆ ಪೆಟ್ಟಿಗೆಯನ್ನು ಎದೆಯ ಮಟ್ಟಕ್ಕೆ ಎತ್ತಿದರು.

ಪೆಟ್ಟಿಗೆಯ ಅಡಿ ಕಳಚಿತು.

ಬಟ್ಟೆಗಳು, ಬಾಚಣಿಗೆ, ಮಂಡಿನೋವಿನ ಎಣ್ಣೆ, ಬಿಸಿನೀರಿನ ಚೀಲ, ಕಟ್ಟುಹಲ್ಲಿನ ಡಬ್ಬಿ, ಒಂದು ಜೊತೆ ಉಣ್ಣೆಯ ಕಾಲುಚೀಲ ಎಲ್ಲವೂ ನಡುಮನೆಯ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿಯಾದವು. ಎಣ್ಣೆ ಬಾಟಲಿ ಉರುಳಿಕೊಂಡು ಹೋಗಿ ಅತಿಥಿಯ ಕಾಲಿಗೆ ತಾಗಿ ನಿಂತಿತು. ಅತ್ತೆ ಅಡಿಯಿಲ್ಲದ ಪೆಟ್ಟಿಗೆಯನ್ನು ಹಾಗೇ ಎದೆಗೆ ಹಿಡಿದುಕೊಂಡು ನಿಂತಿದ್ದರು, ಅದರೊಳಗಿಂದ ಅವರಿಗೆ ತಮ್ಮ ಪಾದಗಳೇ ಕಾಣುತ್ತಿದ್ದವು.

ಮೊದಲು ಬಗ್ಗಿದ್ದು ಅಂಗಡಿಯಾಕೆ. ಬಾಟಲಿ ಎತ್ತಿಟ್ಟು, ಪೆಟ್ಟಿಗೆಯನ್ನು ಅತ್ತೆಯ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಅಂಚು ಪರೀಕ್ಷಿಸಿದಳು.

"ಅಡಿಗೆ ಒಂದೇ ಪದರ ಹಾಕಿದ್ದೀರಮ್ಮ. ಇಷ್ಟು ಭಾರ ಇದು ತಡೆಯಲ್ಲ."

"ಅಷ್ಟೇನೂ ದೂರ ಹೋಗಲ್ವಲ್ಲ, ಸಾಕು ಅಂದ್ಕೊಂಡೆ" ಎಂದರು ಅತ್ತೆ ಸಣ್ಣ ದನಿಯಲ್ಲಿ.

ಮೆಕ್ಯಾನಿಕ್ ನೆಲದ ಮೇಲೆ ಕೂತು ಬಟ್ಟೆಗಳನ್ನು ಒಂದೊಂದಾಗಿ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಅವನು ಮಾತಿನವನಲ್ಲ. ಇಷ್ಟು ವರ್ಷ ಹೇಳದೆ ಉಳಿಸಿಕೊಂಡದ್ದನ್ನು ಈಗ ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ, ತಲೆ ಎತ್ತದೆಯೇ ಹೇಳಿದ:

"ನೀವು ಹೋದ್ರೆ ನನ್ನನ್ನ ಬೈಯೋರು ಯಾರು ಅತ್ತೆ? ಮೈದಾ ಕುದಿಸೋರು ಯಾರು? ಇವರಿಗೆ ತೋರಿಸೋಕೆ ಇದನ್ನೆಲ್ಲ ಮಾಡಿದ್ದು ನಿಜ. ಆದ್ರೆ ಈ ವಾರ ದಿನಾ ಸಂಜೆ ಕೆಲಸದಿಂದ ಓಡೋಡಿ ಬಂದೆನಲ್ಲ, ಅದು ಇವರಿಗೋಸ್ಕರ ಅಲ್ಲ." ಆಮೇಲೆ ತಾನೇ ಗಾಬರಿಯಾಗಿ ಅಂಗಡಿಯಾಕೆಯ ಕಡೆ ತಿರುಗಿದ. "ಅಂದ್ರೆ, ನೀವು ತಪ್ಪು ತಿಳ್ಕೋಬೇಡಿ."

"ಇಲ್ಲ, ಸರಿಯಾಗೇ ತಿಳ್ಕೊಂಡೆ" ಎಂದಳು ಆಕೆ. ಅತ್ತೆಯತ್ತ ನೋಡಿ, "ನಾನು ಮೊದಲನೇ ಸಲ ಕಾಲಿಟ್ಟ ದಿನಾನೇ ನೀವು ಪೆಟ್ಟಿಗೆ ಎತ್ತಿಕೊಂಡು ಹೊರಟ್ರೆ, ಇನ್ನೊಂದು ಸಲ ಬರೋಕೆ ನನಗೆ ಮುಖ ಎಲ್ಲಿರುತ್ತಮ್ಮ?"

"ಇನ್ನೊಂದು ಸಲ ಬರ್ತೀಯಾ?" ಎಂದರು ಅತ್ತೆ.

"ಈ ಅಡಿ ಹಾಕದೆ ಇವತ್ತೇ ಹೋಗಲ್ಲ. ಅಂಟು ಉಳಿದಿದೆಯಾ?"

ಅಂಟು ಉಳಿದಿರಲಿಲ್ಲ. ಅತ್ತೆ ಶಾಲು ತೆಗೆದು ಕುರ್ಚಿಗೆ ಹಾಕಿ ಅಡುಗೆಮನೆಗೆ ಹೋದರು. ಅಲ್ಲಿ ಅವರು ಮೂಗು ಸೀಟಿದ ಸದ್ದು ಹೊರಗೆ ಕೇಳಿತು, ಹಿಂದೆಯೇ ಸ್ಟೌ ಹತ್ತಿದ ಸದ್ದೂ ಕೇಳಿತು. ಮೆಕ್ಯಾನಿಕ್ ಬಟ್ಟೆಗಳನ್ನು ಒಯ್ದು ಬೀರುವಿನ ಖಾನೆಯಲ್ಲಿ ಮೊದಲಿನಂತೆಯೇ ಇಟ್ಟ, ಕಾಲುಚೀಲ ಎಡಕ್ಕೆ, ಬಿಸಿನೀರಿನ ಚೀಲ ಬಲಕ್ಕೆ. ಬಂದು ನೋಡಿದರೆ ಅಂಗಡಿಯಾಕೆ ತೋಳೇರಿಸಿಕೊಂಡು ರಟ್ಟಿನ ಮೇಲೆ ಗೆರೆ ಎಳೆಯುತ್ತಿದ್ದಳು. ಜೀವನವಿಡೀ ಕಾಗದ ಮಾರಿದ ಆಕೆಗೂ ಗೆರೆ ನೇರ ಬರಲಿಲ್ಲ. ಅತ್ತೆ ಬಿಸಿ ಅಂಟಿನ ಬಟ್ಟಲು ತಂದಿಟ್ಟು, "ನೀನೂ ಇವರ ಹಾಗೇ" ಎಂದು ಪೆನ್ಸಿಲು ಕಿತ್ತುಕೊಂಡರು.

ಮೂರು ಪದರ ರಟ್ಟು ಅಂಟಿಸಿ, ಅಂಚುಗಳಿಗೆ ಪಟ್ಟಿ ಹಚ್ಚಿ, ಪೆಟ್ಟಿಗೆಯನ್ನು ಬೋರಲು ಹಾಕಿ ನಡುಮನೆಯ ಮಧ್ಯದಲ್ಲಿ ಫ್ಯಾನಿನ ಕೆಳಗಿಟ್ಟರು. "ಒಣಗೋ ತನಕ ಯಾರೂ ಮುಟ್ಟಬೇಡಿ" ಎಂದು ಅತ್ತೆ ಅಪ್ಪಣೆ ಮಾಡಿದರು. ಚಹಾ ಬಂತು. ಮೂವರೂ ಪೆಟ್ಟಿಗೆಯ ಸುತ್ತ ಕೂತು ಕುಡಿದರು. ದಂತವೈದ್ಯರ ಮಾತು ಬಂತು, ಲಿಫ್ಟು ಯಾಕೆ ಅಷ್ಟು ಸಲ ಕೆಡುತ್ತದೆ ಎಂಬ ಮಾತು ಬಂತು, ಅದಕ್ಕೆ ಅತ್ತೆ ಕೊಟ್ಟ ಉತ್ತರಕ್ಕೆ ಮೆಕ್ಯಾನಿಕ್ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದ.

ಬೀದಿಯಲ್ಲಿ ದೀಪಗಳು ಹತ್ತಿದವು. ಅಂಗಡಿಯಾಕೆ ಕಿಟಕಿಯ ಕಡೆ ನೋಡಿ, ಬಗ್ಗಿ, ಪೆಟ್ಟಿಗೆಯ ಅಡಿಯನ್ನು ಒಂದು ಬೆರಳಿನಿಂದ ಮುಟ್ಟಿದಳು.

"ಇನ್ನೂ ಹಸಿ ಇದೆ" ಎಂದಳು.

ಮೆಕ್ಯಾನಿಕ್ ಲೋಟ ಕೆಳಗಿಟ್ಟು ಎದ್ದ. ಸ್ವಿಚ್ಚಿನ ಹತ್ತಿರ ಹೋಗಿ ಫ್ಯಾನಿನ ವೇಗವನ್ನು ಎರಡು ಮೆಟ್ಟಿಲು ಇಳಿಸಿ ಬಂದು ಕೂತ. ಅತ್ತೆ ಚಹಾದ ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಮೂರು ಲೋಟಗಳಿಗೂ ಇನ್ನಷ್ಟು ಬಗ್ಗಿಸಿದರು.