ಮೂರು ಚಂದ್ರರ ನಕ್ಷೆ

ನಾನೊಂದು ನಕ್ಷೆ. ಯಾವ ಊರಿನದೆಂದು ಕೇಳಬೇಡಿ, ಅಲ್ಲಿಗೆ ಬಸ್ಸಿಲ್ಲ. ಮೊದಲು ನಾನು ಗದಗಿನ ಒಂದು ಛಾಪಖಾನೆಯಲ್ಲಿ ಮೂಲೆ ಮುದುಡಿ, ಮದುವೆ ಪತ್ರಿಕೆಗೂ ಬಾರದೆ ಉಳಿದ ದಪ್ಪ ಹಾಳೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಫಕೀರಪ್ಪ ನನ್ನನ್ನು ಸುರುಳಿ ಸುತ್ತಿ ಮನೆಗೆ ತಂದು ಮಗಳು ಪ್ರಮೀಳಾಳಿಗೆ ಕೊಟ್ಟ. ಅವಳಿಗಾಗ ಹದಿನೈದು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು.

ಆ ಛಾಪಖಾನೆಯಲ್ಲಿ ಅಗ್ಗದ ವೈಜ್ಞಾನಿಕ ಕಾದಂಬರಿಗಳು ಅಚ್ಚಾಗುತ್ತಿದ್ದವು. ಬರೆಯುವವರಲ್ಲಿ ಒಬ್ಬರು ಧಾರವಾಡದವರು, ಒಬ್ಬರು ಕೋಲಾರದವರು. ಒಬ್ಬರ ಮುಖ ಇನ್ನೊಬ್ಬರು ಕಂಡವರಲ್ಲ. ಫಕೀರಪ್ಪ ತಂದುಕೊಟ್ಟ ಪ್ರತಿಗಳನ್ನು ಪ್ರಮೀಳಾ ಅಂಗಾತ ಮಲಗಿ ಓದುತ್ತಿದ್ದಳು. ಒಂದು ದಿನ ದಡಕ್ಕನೆ ಎದ್ದು ಕೂತಳು. ಧಾರವಾಡದವರ ಕಾದಂಬರಿಯಲ್ಲಿ ಮೂರು ಚಂದ್ರರು ಒಟ್ಟಿಗೆ ಮುಳುಗುವ ಸಂಜೆಯೊಂದಿತ್ತು. ಕೋಲಾರದವರದರಲ್ಲೂ ಅದೇ ಸಂಜೆ, ಒಂದಕ್ಷರ ಬಿಡದೆ ಅದೇ.

"ಅಪ್ಪಾ, ಇವೆಲ್ಲಾ ಒಂದ ಲೋಕದಾಗ ನಡಿಯೂ ಕಥಿ! ಯಾರಿಗೂ ತಿಳಿದಿಲ್ಲ, ನನಗ ತಿಳೀತು!" ಎಂದು ನಕ್ಕಳು.

ಫಕೀರಪ್ಪ ರೊಟ್ಟಿ ಮುರಿಯುತ್ತಿದ್ದ. "ಇರಬಹುದವಾ" ಎಂದ.

ಅಲ್ಲಿಂದ ನನಗೆ ಪುರುಸೊತ್ತಿಲ್ಲ. ಬಣ್ಣದ ಪೆನ್ಸಿಲ್ಲು, ಸ್ಕೇಲು, ಅಂಟು! ಹದಿಮೂರು ಕಾದಂಬರಿಗಳ ಗ್ರಹಗಳೆಲ್ಲ ನನ್ನ ಮೈಮೇಲೆ ಬಂದು ಕೂತವು. ನಿಜ ಹೇಳುತ್ತೇನೆ, ನನಗೆ ಕೊಂಚ ಜಂಬವೂ ಬಂದಿತ್ತು. ಒಂದು ಕಾದಂಬರಿಯಲ್ಲಿ ತಾಯಿಯೊಬ್ಬಳು ಆಕಾಶನೌಕೆಯಲ್ಲಿ ಕಳೆದುಹೋಗಿದ್ದಳು. ಇನ್ನೊಂದರಲ್ಲಿ ಹುಡುಗಿಯೊಬ್ಬಳು ಯಂತ್ರಮಾನವರ ನಡುವೆ ಒಬ್ಬಳೇ ಬೆಳೆಯುತ್ತಿದ್ದಳು. ಇಬ್ಬರೂ ಮೂರು ಚಂದ್ರರನ್ನು ನೋಡುತ್ತಿದ್ದರು. ಅಂದ ಮೇಲೆ ಅವರು ತಾಯಿ ಮಗಳೇ, ಇರುವುದು ಒಂದೇ ಗ್ರಹದಲ್ಲಿ, ಇನ್ನು ದಾರಿ ಸಿಕ್ಕರೆ ಸಾಕು. ಹೊಸ ಪುಸ್ತಕ ಬಂದಾಗೆಲ್ಲ ಪ್ರಮೀಳಾ ಆ ಇಬ್ಬರನ್ನೂ ಅಳಿಸಿ, ಇನ್ನಷ್ಟು ಹತ್ತಿರಕ್ಕೆ ಬರೆಯುತ್ತಿದ್ದಳು. ಅವಳು ಹುಡುಕುತ್ತಿದ್ದುದು ಯಾರನ್ನೆಂದು ಬರೀ ಹಾಳೆಯಾದ ನನಗೇ ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲವೇ? ನನ್ನ ಮುಂದೆ ನಿಂತು ಏನೋ ಹೇಳಲು ಬಾಯಿ ತೆರೆದು, ನೀರು ಕುಡಿದು ಹೋಗುತ್ತಿದ್ದ.

ಮೂರು ವರ್ಷದ ಮೇಲೆ ಅವಳು ಧಾರವಾಡದವರಿಗೆ ಕಾಗದ ಬರೆದು, ತಾಯಿ ಮಗಳು ಕೊನೆಗೆ ಸೇರುತ್ತಾರೆಯೇ ಎಂದು ಕೇಳಿದಳು. ಉತ್ತರ ಬಂತು. ಹೊಸ್ತಿಲಲ್ಲೇ ನಿಂತು ಗಟ್ಟಿಯಾಗಿ ಓದಿದಳು. "ಆ ಮೂರು ಚಂದ್ರರನ್ನು ನಾನು ಬರೆದಿಲ್ಲ, ತಂಗಿ. ಅಚ್ಚಾದ ಮೇಲೆ ನೋಡಿ ನನಗೂ ಆಶ್ಚರ್ಯವಾಯಿತು. ಛಾಪಖಾನೆಯವರನ್ನೇ ಕೇಳು."

ಛಾಪಖಾನೆಯವನು ಮಧ್ಯಾಹ್ನ ಊಟಕ್ಕೆ ಬಂದ. ಪ್ರಮೀಳಾ ಅಪ್ಪನ ತಟ್ಟೆಯ ಪಕ್ಕ ಆ ಕಾಗದ ಇಟ್ಟಳು.

"ಪುಟ ತುಂಬದಿದ್ರ ಮಾಲಕರು ಬೈತಾರವಾ," ಎಂದ, ತಟ್ಟೆ ನೋಡುತ್ತ. "ಆ ಮೂರು ಚಂದ್ರರ ಸಾಲಿನ ಮೊಳಿ ಒಮ್ಮೆ ಜೋಡಿಸಿದ್ದನ್ನ ಬಿಚ್ಚದಂಗ ಕಟ್ಟಿ ಇಟ್ಟಿದ್ದೆ. ಜಾಗ ಉಳಿದಲ್ಲೆ ಅದನ್ನ ಕೂಡಿಸ್ತಿದ್ದೆ. ಮೊದಲ ಯಾರ ಪುಸ್ತಕದ್ದೋ, ನೆನಪಿಲ್ಲ."

"ಅವತ್ತ ಯಾಕ ಹೇಳಲಿಲ್ಲ?"

"ನಿಮ್ಮವ್ವ ಹೋದ ಮ್ಯಾಲ ನೀ ನಕ್ಕಿದ್ದು ಅವತ್ತ ಮೊದಲು." ರೊಟ್ಟಿ ಮುರಿದು ಅಂದ, "ಆಮ್ಯಾಲಿನ ಪುಸ್ತಕದಾಗ ಜಾಗಾನ ಇರಲಿಲ್ಲ. ಅವರು ಬರದದ್ದು ತಗದು, ನಿನಗಂತ ಹಾಕಿದೆ."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಹಂಗಾದ್ರ ಆ ಹುಡುಗಿ ಬ್ಯಾರೆ ಆಕಾಶದಾಗ ಅದಾಳ. ಅವ್ವ ಎಷ್ಟ ಹುಡುಕಿದ್ರೂ ಸಿಗೂದಿಲ್ಲ."

ಫಕೀರಪ್ಪ ಊಟ ಬಿಟ್ಟು ಎದ್ದ.

ಕಾದಂಬರಿಗಳು ರದ್ದಿಗೆ ಹೋದವು. ನಾನು ಅಡಿಗೆಮನೆಯ ಹಲಗೆಯ ಮೇಲೆ, ಡಬ್ಬಿಗಳ ಕೆಳಗೆ ಬೋರಲು ಬಿದ್ದೆ. ಹನ್ನೊಂದು ವರ್ಷವಾಯಿತು. ನನ್ನ ಒಂದು ಗ್ರಹವನ್ನು ಬೆಲ್ಲದ ಪಾಕ ನುಂಗಿದೆ, ಇರುವೆಗಳು ಸೂರ್ಯನನ್ನು ತಿಂದಿವೆ. ಅಪ್ಪ ಸುಳ್ಳು ಹೇಳಿದನೆಂದು ನನಗೆ ಸಿಟ್ಟಿಲ್ಲ. ಆ ಸುಳ್ಳನ್ನು ನಾನೂ ನಂಬಿದೆನಲ್ಲ, ಅದೇ ಸಂಕಟ. ನನ್ನ ಮೈಮೇಲೆ ಆ ತಾಯಿ ಮಗಳ ನಡುವೆ ಇನ್ನು ನಾಲ್ಕು ಬೆರಳಷ್ಟೇ ಉಳಿದಿತ್ತು.

ಮೊನ್ನೆ ಹಲಗೆ ಒರೆಸಲೆಂದು ಫಕೀರಪ್ಪ ನನ್ನನ್ನು ಎತ್ತಿ ತಿರುವಿದ. ಬಹಳ ಹೊತ್ತು ನೋಡಿ, "ಇದನ್ನ ಏನ್ ಮಾಡ್ಲವಾ?" ಎಂದ.

ಪ್ರಮೀಳಾ ಒಲೆಯ ಮುಂದಿದ್ದಳು. ತಿರುಗಿ ನೋಡಲಿಲ್ಲ.

"ಅಲ್ಲೇ ಹಾಸಪ್ಪಾ. ಹಲಗಿ ಸೀಳೇದ, ಹಿಟ್ಟು ಸೋರತದ."